ಕತ್ತಿನ ಗಂಟಿಗೆ ಸೂಜಿ, ಸೂಜಿಗೆ ಕರೆಂಟ್: ಆರು ಸಿಟಿಂಗ್‌ಗಳ ದಾರಿ

ಕತ್ತು ನೋವಿಗೆ ಸ್ನಾಯುವಿನ ಗಂಟಿಗೆ ಸೂಜಿ ಚುಚ್ಚಿ, ಆ ಸೂಜಿಗೆ ಕರೆಂಟ್ ಕೊಡುವ ಚಿಕಿತ್ಸೆಯ ಆರು ಸಿಟಿಂಗ್ ಮುಗಿದಿವೆ. ಕೊನೆಯ ಸೂಜಿ ಹೊರಬಂದು ಇನ್ನೂ ವಾರವಾಗಿಲ್ಲ, ಹಾಗಾಗಿ ಯಾವ ಹಂತದಲ್ಲಿ ಏನಾಗುತ್ತದೆ ಎಂಬುದು ಹಸಿಹಸಿಯಾಗಿ ನೆನಪಿದೆ. ಈ ಚಿಕಿತ್ಸೆಗೆ ಹೊರಟವರನ್ನು ಕಾಡುವ ಗೊಂದಲ ಮುಖ್ಯವಾಗಿ ಒಂದೇ. ಬೋರಲು ಮಲಗಿ, ಕತ್ತಿನಲ್ಲಿ ನಾಲ್ಕು ಸೂಜಿ ನಿಂತಿರುವಾಗ ಒಳಗೆ ಏನೇನೋ ಆಗುತ್ತಿರುತ್ತದೆ. ಅದರಲ್ಲಿ ಯಾವುದನ್ನು ತಡೆದುಕೊಂಡಿರಬೇಕು, ಯಾವುದಕ್ಕೆ ಆ ಕ್ಷಣವೇ "ನಿಲ್ಲಿಸಿ" ಎನ್ನಬೇಕು? ಒಪ್ಪಿಗೆ ಪತ್ರದಲ್ಲಿ "ಸ್ವಲ್ಪ ನೋವಾಗಬಹುದು" ಎಂದಷ್ಟೇ ಇರುತ್ತದೆ. ಆ "ಸ್ವಲ್ಪ" ಎಂದರೆ ಏನು ಎಂದು ಬಿಡಿಸಿ ಹೇಳುವವರು ಕಡಿಮೆ.

ಮೊದಲ ತೊಡಕು ಹೆಸರಿನದು. ಒಬ್ಬರು ಇದನ್ನು ಎಲೆಕ್ಟ್ರಿಕಲ್ ಡ್ರೈ ನೀಡ್ಲಿಂಗ್ ಎನ್ನುತ್ತಾರೆ, ಇನ್ನೊಬ್ಬರು ಇಂಟ್ರಾಮಸ್ಕ್ಯುಲರ್ ಸ್ಟಿಮ್ಯುಲೇಶನ್, ಮತ್ತೊಬ್ಬರು ಪೆನ್ಸ್ (ಚರ್ಮ ದಾಟಿಸಿ ನರಕ್ಕೆ ಕೊಡುವ ಕರೆಂಟ್), ಮಗದೊಬ್ಬರು ಎಲೆಕ್ಟ್ರೋ ಅಕ್ಯುಪಂಕ್ಚರ್. ಸೂಜಿ ಒಂದೇ ಜಾತಿಯದು, ಯಂತ್ರವೂ ಹೆಚ್ಚುಕಡಿಮೆ ಒಂದೇ. ಸೂಜಿ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ಅಕ್ಯುಪಂಕ್ಚರಿನಲ್ಲಿ ಮೊದಲೇ ಗೊತ್ತಾದ ಬಿಂದುಗಳಿಗೆ, ಪೆನ್ಸ್‌ನಲ್ಲಿ ಸಾಮಾನ್ಯವಾಗಿ ನೋವು ಹೊತ್ತ ನರದ ಆಸುಪಾಸಿಗೆ, ಡ್ರೈ ನೀಡ್ಲಿಂಗ್‌ನಲ್ಲಿ ಬೆರಳಿನಿಂದ ಒತ್ತಿ ಹುಡುಕಿದ ಸ್ನಾಯುವಿನ ಬಿಗಿ ಪಟ್ಟಿಗೆ. ಔಷಧಿ ಏನೂ ಒಳಗೆ ಹೋಗುವುದಿಲ್ಲ, ಅದಕ್ಕೇ ಡ್ರೈ. ಸಮಯ ಗೊತ್ತುಮಾಡುವ ಮುನ್ನವೇ "ಜಾಗವನ್ನು ಹೇಗೆ ಆರಿಸುತ್ತೀರಿ?" ಎಂದು ಕೇಳಿಬಿಡಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ವಿಮೆ ಇರುವವರು ಬಿಲ್‌ನಲ್ಲಿ ಯಾವ ಹೆಸರು ಬರುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಫಿಸಿಯೋಥೆರಪಿ ಎಂದು ಬರೆದರೆ ಒಪ್ಪುವ ಕಡೆ ಅಕ್ಯುಪಂಕ್ಚರ್ ಎಂದು ಬರೆದರೆ ಒಪ್ಪದಿರಬಹುದು.

ಔಷಧಿಯಿಲ್ಲದ ಸೂಜಿ ಏನು ಮಾಡೀತು ಎಂಬ ಅನುಮಾನ ಹೊಸದಲ್ಲ. ಹಿಂದೆ ಈ ಗಂಟುಗಳಿಗೆ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ನೇ ರೂಢಿಯಾಗಿತ್ತು. 241 ರೋಗಿಗಳ 312 ನೋವಿನ ಜಾಗಗಳಿಗೆ ಬರೀ ಸೂಜಿ ಹಾಕಿ ನೋಡಿದ ಜೆಕ್ ವೈದ್ಯ ಕಾರೆಲ್ ಲೆವಿಟ್, 1979ರಲ್ಲಿ ಅದನ್ನು ಪ್ರಕಟಿಸಿದರು. ಉಪಶಮನ ನಿಂತಿರುವುದು ಸೂಜಿಯಲ್ಲಿರುವ ಔಷಧಿಯ ಮೇಲಲ್ಲ, ಅತಿ ಹೆಚ್ಚು ನೋಯುವ ಜಾಗವನ್ನು ಸೂಜಿ ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ಎಂಬುದು ಅವರ ವಾದ. ಮುಂದೆ ಹೇಳುವುದೆಲ್ಲ ಈ ಮಾತಿಗೇ ಬಂದು ಸೇರುತ್ತದೆ.

ಸೂಜಿಗೆ ಮುನ್ನ

ಮೊದಲ ದಿನವೇ ಸೂಜಿ ಹಿಡಿದು ಬಂದರೆ ಎದ್ದು ಬನ್ನಿ, ಕಟುವಾಗಿ ಕೇಳಿಸಿದರೂ ಸರಿ. ಮೊದಲ ಭೇಟಿಯ ಬಹುಪಾಲು ತಪಾಸಣೆಗೆ ಹೋಗಬೇಕು. ಕತ್ತು ನೋವೆಲ್ಲ ಸ್ನಾಯುವಿನದಲ್ಲ. ತಲೆಯನ್ನು ನೋವಿನ ಕಡೆಗೆ ವಾಲಿಸಿ, ಹಿಂದಕ್ಕೆ ಬಾಗಿಸಿ ಮೇಲಿಂದ ಮೆಲ್ಲಗೆ ಒತ್ತುತ್ತಾರೆ. ಇದು ಸ್ಪರ್ಲಿಂಗ್ ಪರೀಕ್ಷೆ. ಒತ್ತಿದಾಗ ನೋವು ತೋಳಿಗೆ, ಬೆರಳಿಗೆ ಇಳಿದರೆ ನರದ ಬೇರು ಒತ್ತಿಹೋಗಿರುವ ಸೂಚನೆ. ಕತ್ತಿನಲ್ಲೇ ಉಳಿದರೆ ಸ್ನಾಯು ಅಥವಾ ಕೀಲಿನ ಕಡೆ ಗಮನ ಹರಿಯುತ್ತದೆ. ಮೊಣಕೈ, ಮಣಿಕಟ್ಟಿನ ಬಲ, ಸುತ್ತಿಗೆಯಿಂದ ಪ್ರತಿವರ್ತನೆ, ಎರಡೂ ಕೈಗಳ ಸ್ಪರ್ಶ ನೋಡುತ್ತಾರೆ. ಕೈಯಲ್ಲಿ ಹಿಡಿದದ್ದು ಜಾರುವುದು, ನಡಿಗೆ ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಅಥವಾ ಗುದ್ದಿದ ಪೆಟ್ಟಿನ ನಂತರ ಶುರುವಾದ ನೋವು, ಹಿಂದೆಂದೂ ಕಾಣದಂಥ ತೀವ್ರತೆಯಲ್ಲಿ ದಿಢೀರನೆ ಬಂದ ಕತ್ತು ನೋವು ಮತ್ತು ತಲೆನೋವು: ಇವುಗಳಲ್ಲಿ ಒಂದಿದ್ದರೂ ಸೂಜಿಯ ಮಾತು ಆಮೇಲೆ, ವೈದ್ಯರು ಮೊದಲು.

ಕೊಂಡೊಯ್ಯಬೇಕಾದ ಕಾಗದ ಹೆಚ್ಚಿಲ್ಲ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಸ್ಕ್ಯಾನ್ ಇದ್ದರೆ ಅದರ ವರದಿ, ದೇಹದೊಳಗೆ ಯಾವುದಾದರೂ ಸಾಧನ ಇದ್ದರೆ ಅದರ ಕಾರ್ಡು. ಸ್ಕ್ಯಾನ್ ಇಲ್ಲದಿದ್ದರೆ ಇದಕ್ಕಾಗಿಯೇ ಮಾಡಿಸಲು ಓಡಬೇಡಿ. ಸಾಮಾನ್ಯ ಎಕ್ಸ್‌ರೇಯಲ್ಲಾಗಲಿ ಎಂಆರ್‌ಐಯಲ್ಲಾಗಲಿ ಟ್ರಿಗರ್ ಪಾಯಿಂಟ್, ಅಂದರೆ ಸ್ನಾಯುವಿನ ಈ ನೋವಿನ ಗಂಟು, ಕಾಣುವುದಿಲ್ಲ. ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಕೇಳಿದರೆ ಆ ಮಾತು ಬೇರೆ.

ಮಾತ್ರೆಯ ಪಟ್ಟಿಯೇ ಕೆಲವರನ್ನು ಕಾಯಿಸುತ್ತದೆ. ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರ ಅಭಿಪ್ರಾಯ ಬರುವವರೆಗೆ ಕೆಲಸ ನಿಲ್ಲುತ್ತದೆ. ಬೇಗ ಮುಗಿಯಲಿ ಎಂದು ನೀವಾಗಿಯೇ ಮಾತ್ರೆ ಬಿಡಬೇಡಿ. ಕತ್ತು ನೋವಿಗಾಗಿ ಪಾರ್ಶ್ವವಾಯುವಿನ ಅಪಾಯ ಮೈಮೇಲೆ ಎಳೆದುಕೊಂಡಂತಾಗುತ್ತದೆ. ಪೇಸ್‌ಮೇಕರ್, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್, ಬೆನ್ನುಹುರಿಗೆ ಅಥವಾ ಮೆದುಳಿಗೆ ಅಳವಡಿಸಿದ ಸ್ಟಿಮ್ಯುಲೇಟರ್ ಇದ್ದವರಿಗೆ ಕರೆಂಟ್ ಬೇಡ. ಅವರಿಗೆ ಬರೀ ಸೂಜಿ ಸಾಧ್ಯವೇ ಎಂಬುದು ಬೇರೆಯೇ ಚರ್ಚೆ. ಗರ್ಭಿಣಿಯರು, ಮೂರ್ಛೆರೋಗ ಇರುವವರು, ಚುಚ್ಚುವ ಜಾಗದಲ್ಲಿ ಸೋಂಕು ಇರುವವರು, ಆ ಬದಿಯ ಕಂಕುಳಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆಸಿಕೊಂಡವರು, ನಿಕಲ್ ಅಲರ್ಜಿ ಇರುವವರು ಬಾಯಿಬಿಟ್ಟು ಹೇಳಲೇಬೇಕು. ಸೂಜಿ ಸ್ಟೇನ್‌ಲೆಸ್ ಸ್ಟೀಲಿನದು, ಅದರಲ್ಲಿ ನಿಕಲ್ ಇರುತ್ತದೆ. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಸ್ವಭಾವವೂ ಹೇಳಬೇಕಾದ ವಿಷಯವೇ, ಅದಕ್ಕೆ ನಾಚಿಕೆ ಬೇಡ.

"ಗಂಟು" ಎಂಬ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಟ್ರಿಗರ್ ಪಾಯಿಂಟ್ ಚರ್ಮದ ಕೆಳಗೆ ಉರುಳಾಡುವ ಗೋಲಿಯಲ್ಲ. ಬಿಗಿಗೊಂಡ ಸ್ನಾಯು ಎಳೆಯೊಂದರ ಮೇಲಿನ ಅತಿಸೂಕ್ಷ್ಮ ಜಾಗ ಅದು. ಬೆರಳಿಗೆ ಸ್ಪಷ್ಟವಾಗಿ ಸಿಗುವ, ವಾರದಿಂದ ವಾರಕ್ಕೆ ದೊಡ್ಡದಾಗುವ ಗಡ್ಡೆ ಇದ್ದರೆ ಅದು ಸ್ನಾಯುವಿನದೆಂದು ಊಹಿಸಿಕೊಂಡು ಸೂಜಿಗೆ ಹೋಗುವುದು ತಪ್ಪು.

ಜಾಗ ಹುಡುಕುವ ಹೊತ್ತು

ಇಡೀ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದ ಹತ್ತು ನಿಮಿಷ ಇದು, ಯಂತ್ರ ಇನ್ನೂ ಪೆಟ್ಟಿಗೆಯಲ್ಲೇ ಇರುತ್ತದೆ. ಸ್ನಾಯುವಿನ ಎಳೆಗಳಿಗೆ ಅಡ್ಡಲಾಗಿ ಬೆರಳು ಆಡಿಸಿದಾಗ, ಬಿಗಿದ ವೀಣೆಯ ತಂತಿಯ ಮೇಲೆ ಬೆರಳು ಜಾರಿದಂತೆ ಒಂದು ಪಟ್ಟಿ ಸಿಗುತ್ತದೆ. ಆ ಪಟ್ಟಿಯುದ್ದಕ್ಕೂ ಒತ್ತುತ್ತಾ ಹೋದರೆ ಒಂದೆಡೆ ಮೈ ತಾನಾಗಿಯೇ ಹಾರುತ್ತದೆ. ಆಗ ಕೇಳಿಬರಬೇಕಾದ ಪ್ರಶ್ನೆ "ನೋಯುತ್ತದೆಯೇ?" ಎಂಬುದಲ್ಲ. ಯಾರ ಕತ್ತನ್ನು ಬಲವಾಗಿ ಒತ್ತಿದರೂ ನೋಯುತ್ತದೆ. "ಇದೇನಾ ನಿಮ್ಮ ನೋವು?" ಎಂದು ಕೇಳಬೇಕು. ದಿನಾ ಕಾಡುವ ಅದೇ ನೋವು, ಅದೇ ದಾರಿಯಲ್ಲಿ ಹರಡಿದರೆ ಮಾತ್ರ ಹೌದೆನ್ನಿ. ಒಳ್ಳೆಯ ರೋಗಿ ಎನಿಸಿಕೊಳ್ಳಲು ಎಲ್ಲದಕ್ಕೂ ಹೌದು ಎಂದರೆ ಬೇಡದ ಜಾಗಕ್ಕೆಲ್ಲ ಸೂಜಿ ಬೀಳುತ್ತದೆ.

ನೋವು ಹರಡುವ ದಾರಿಗೂ ಒಂದು ನಕ್ಷೆ ಇದೆ. ಅಮೆರಿಕದ ವೈದ್ಯರಾದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ ದಾಖಲಿಸಿದ ಆ ನಕ್ಷೆಗಳು ಇಂದಿಗೂ ಫಿಸಿಯೋಥೆರಪಿ ಕೋಣೆಗಳ ಗೋಡೆಯ ಮೇಲೆ ನೇತಾಡುತ್ತವೆ. ಹೆಗಲ ಮೇಲಿನ ಟ್ರಪೀಜಿಯಸ್‌ನ ಗಂಟು ಕತ್ತಿನ ಪಕ್ಕದಿಂದ ಕಿವಿಯ ಹಿಂದೆ ಹಾದು ಹಣೆಯ ಪಕ್ಕದ ಕಣತಲೆಯವರೆಗೆ ನೋವು ಕಳಿಸುತ್ತದೆ. ಹೆಗಲಮೂಳೆಯ ಮೇಲ್ತುದಿಯಿಂದ ಕತ್ತಿಗೆ ಏರುವ ಲೆವೇಟರ್ ಸ್ಕ್ಯಾಪುಲೆಯದಾದರೆ ಕತ್ತು ಹೆಗಲು ಸೇರುವ ಮೂಲೆಯಲ್ಲಿ ನೋವು ಕುಳಿತು, ತಲೆ ಆ ಕಡೆಗೆ ತಿರುಗದಂತೆ ಹಿಡಿದುಕೊಳ್ಳುತ್ತದೆ. ಕತ್ತಿನ ಹಿಂಬದಿಯ ಸ್ನಾಯು ಸ್ಪ್ಲೀನಿಯಸ್‌ನದು ನೆತ್ತಿಗೆ ಹೋಗುತ್ತದೆ. ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳದು ಕಣ್ಣಿನ ಹಿಂದಕ್ಕೆ. ಹಣೆನೋವಿಗೆಂದು ಕನ್ನಡಕ ಬದಲಿಸಿಯೂ ಫಲ ಸಿಗದವರ ಕತ್ತಿನ ಮುಂಬದಿಯ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಒತ್ತಿ ನೋಡುವುದು ಈ ಕಾರಣಕ್ಕೆ. ಆದರೆ ಈ ಹುಡುಕಾಟ ಬೆರಳಿನ ವಿದ್ಯೆ. ಒಂದೇ ಕತ್ತಿನಲ್ಲಿ ಇಬ್ಬರು ಪರಿಣತರು ಬೇರೆ ಬೇರೆ ಜಾಗ ತೋರಿಸುವುದುಂಟು, ಟ್ರಿಗರ್ ಪಾಯಿಂಟ್ ಎಂಬ ಕಲ್ಪನೆಯ ಬಗ್ಗೆಯೇ ತಜ್ಞರಲ್ಲಿ ಜಗಳವಿದೆ. ಹಾಗಾಗಿ ಪ್ರತಿ ಸಿಟಿಂಗ್‌ನಲ್ಲೂ ಹೊಸದಾಗಿ ಹುಡುಕಬೇಕು. ಹಿಂದಿನ ಸಲದ ಗುರುತಿಗೆ ಕಣ್ಣುಮುಚ್ಚಿ ಚುಚ್ಚುವುದು ಸೋಮಾರಿತನ.

ಮೇಜಿನ ಮೇಲೆ

ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಒಂದೆರಡು ಗಂಟೆ ಮೊದಲು ಹಗುರವಾಗಿ ತಿಂದು, ನೀರು ಕುಡಿದಿರಿ. ಕತ್ತು, ಹೆಗಲು ತೆರೆದುಕೊಳ್ಳುವ ಸಡಿಲ ಬಟ್ಟೆ, ಉದ್ದ ಕೂದಲಿದ್ದರೆ ಎತ್ತಿ ಕಟ್ಟಲು ಒಂದು ಬ್ಯಾಂಡ್. ಸರ, ಓಲೆ ಮನೆಯಲ್ಲೇ ಇರಲಿ, ಲೋಹಕ್ಕೆ ಕ್ಲಿಪ್ ತಗುಲಿದರೆ ಚುರುಕ್ ಎನ್ನುತ್ತದೆ. ಮೊದಲ ಸಲ ಮಲಗಿಯೇ ಮಾಡಿಸಿಕೊಳ್ಳಿ. ಕುರ್ಚಿಯಲ್ಲಿ ಕೂರಿಸಿ ಚುಚ್ಚಿದರೆ ರಕ್ತದೊತ್ತಡ ಇಳಿದು ತಲೆ ಸುತ್ತಿ ಬೀಳುವವರು ಹೆಚ್ಚು. ಮುಖ ಇಡಲು ರಂಧ್ರವಿರುವ ಮೇಜಾದರೆ ಕತ್ತು ನೆಟ್ಟಗಿರುತ್ತದೆ. ಕತ್ತು ತಿರುಗಿಸಿ ಮಲಗಿದರೆ ಸ್ನಾಯು ಒಂದು ಕಡೆ ಬಿಗಿದು, ಹುಡುಕಿದ ಪಟ್ಟಿ ಜರುಗಿಬಿಡುತ್ತದೆ.

ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕು. ಅದರ ಮೇಲೆ 0.30×40 ಎಂಬಂತೆ ಎರಡು ಅಂಕಿ ಇರುತ್ತವೆ: ದಪ್ಪ ಮತ್ತು ಉದ್ದ, ಎರಡೂ ಮಿಲಿಮೀಟರಿನಲ್ಲಿ. ಕತ್ತಿಗೆ 0.25ರಿಂದ 0.30 ದಪ್ಪ, 25ರಿಂದ 50 ಉದ್ದದ್ದು ಸಾಮಾನ್ಯ. ರಕ್ತ ತೆಗೆಯಲು ಬಳಸುವ ಸೂಜಿ ಸುಮಾರು 0.8 ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳು. ಇದು ಅದರ ಮೂರನೇ ಒಂದು ಭಾಗ, ಒಳಗೆ ಗಟ್ಟಿ. ಹಾಗಾಗಿ ಚರ್ಮ ದಾಟುವುದು ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಪ್ಲಾಸ್ಟಿಕ್ ಕೊಳವೆ ಇಟ್ಟು, ಮೇಲೆ ಇಣುಕುವ ಹಿಡಿಯನ್ನು ಬೆರಳಿನಿಂದ ಟಕ್ ಎಂದು ತಟ್ಟುತ್ತಾರೆ, ಅಷ್ಟೇ.

ಗೊತ್ತಾಗುವುದು ಆಮೇಲೆ. ಸೂಜಿ ಪಟ್ಟಿಗೆ ತಲುಪಿದಾಗ ಸ್ನಾಯು ಒಮ್ಮೆ ಮಿಡುಕುತ್ತದೆ. ಕಣ್ಣಿನ ರೆಪ್ಪೆ ತಾನಾಗಿ ಅದುರುವುದುಂಟಲ್ಲ, ಅದನ್ನು ಹತ್ತು ಪಟ್ಟು ಮಾಡಿ ಹೆಗಲಿಗೆ ತಂದರೆ ಹೇಗೋ ಹಾಗೆ. ಹಿಂದೆಯೇ ಕಾಲಿನ ಮೀನಖಂಡ ಹಿಡಿದುಕೊಂಡಂಥ ಮೊಂಡು ಸೆಳೆತ, ಭಾರ, ಕೆಲವೊಮ್ಮೆ ಪರಿಚಿತ ತಲೆನೋವು ಒಂದು ಕ್ಷಣ ಇಣುಕಿ ಹೋಗುವುದು. ಇದು ಸರಿಯಾದ ನೋವು, ಕೆಲವು ಸೆಕೆಂಡಿನಲ್ಲಿ ಇಳಿಯುತ್ತದೆ. ಉಸಿರು ಬಿಗಿಹಿಡಿದರೆ ಹೆಚ್ಚು ನೋಯುತ್ತದೆ, ನಿಧಾನವಾಗಿ ಬಿಡುತ್ತಿರಿ. ಮಿಡುಕು ಬರಲೇಬೇಕು ಎಂದು ಹಠ ಹಿಡಿದು ಸೂಜಿಯನ್ನು ಹಿಂದೆಮುಂದೆ ಇಪ್ಪತ್ತು ಮೂವತ್ತು ಸಲ ಆಡಿಸುವವರೂ ಇದ್ದಾರೆ. ಮರುದಿನದ ನೋವು ಈ ಕುಟ್ಟುವಿಕೆಗೆ ತಕ್ಕಂತೆ ಏರುತ್ತದೆ. ಹೇಗೂ ಮುಂದೆ ಕರೆಂಟ್ ಕೊಡುವುದಿದೆ, ಕುಟ್ಟುವ ಕೆಲಸ ಅದಕ್ಕೇ ಬಿಡಬಹುದು ಎಂಬುದು ನನ್ನ ಅಭಿಪ್ರಾಯ.

ತಪ್ಪು ನೋವು ಬೇರೆಯೇ ತರಹ. ಕೈಬೆರಳಿನವರೆಗೆ ಮಿಂಚಿನಂತೆ ಇಳಿದರೆ ಸೂಜಿ ನರಕ್ಕೆ ತಾಗಿದೆ. ಚುರುಚುರು ಉರಿಯುತ್ತಲೇ ಇದ್ದರೆ ತುದಿ ಚರ್ಮದಲ್ಲೇ ಸಿಕ್ಕಿದೆ ಅಥವಾ ರಕ್ತನಾಳಕ್ಕೆ ತಗುಲಿದೆ. ಎರಡಕ್ಕೂ ಪರಿಹಾರ ಸರಳ: ಹೇಳುವುದು, ಅವರು ಸೂಜಿ ಹಿಂದೆಳೆದು ದಿಕ್ಕು ಬದಲಿಸುವುದು. ಹೇಳದೆ ಹಲ್ಲು ಕಚ್ಚಿ ಮಲಗುವುದೇ ಅಪಾಯ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಹೆಗಲ ಮೇಲ್ಭಾಗದಲ್ಲಿ, ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ಆದ್ದರಿಂದ ಟ್ರಪೀಜಿಯಸ್‌ಗೆ ಚುಚ್ಚುವಾಗ ಸ್ನಾಯುವನ್ನು ಹೆಬ್ಬೆರಳು ಮತ್ತು ಇತರ ಬೆರಳುಗಳ ನಡುವೆ ಚಿವುಟಿ ಮೇಲೆತ್ತಿ ಹಿಡಿದು, ಆ ಹಿಡಿತದೊಳಗೇ ಸೂಜಿ ಹಾಯಿಸಬೇಕು. ಚಿವುಟದೆ ನೇರ ಕೆಳಮುಖವಾಗಿ ಇಳಿಸುವವರ ಕೈಗೆ ಕತ್ತು ಕೊಡಬೇಡಿ. ಲೆವೇಟರ್‌ಗೆ ಹೆಗಲಮೂಳೆಯ ಮೂಲೆಯಲ್ಲಿ ಹಾಕುವಾಗ ಓರೆಯಾಗಿ, ಪಕ್ಕೆಲುಬಿನಿಂದ ದೂರಕ್ಕೆ. ಬೆನ್ನುಮೂಳೆಯ ಪಕ್ಕದ ಆಳದ ಸ್ನಾಯುಗಳಿಗೆ ಮೂಳೆಯ ಗೋಡೆಯೇ ಗುರಿ, ಅಲ್ಲಿ ತಾಗಿ ನಿಂತರೆ ಸುರಕ್ಷಿತ. ತಲೆಬುರುಡೆಯ ಬುಡದಲ್ಲಿ ಮೆದುಳಿಗೆ ರಕ್ತ ಒಯ್ಯುವ ವರ್ಟೆಬ್ರಲ್ ಅಪಧಮನಿ ಹಾದುಹೋಗುವುದರಿಂದ ಅನುಭವಿಗಳೂ ಹಿಂಜರಿಯುತ್ತಾರೆ. ಅಲ್ಲಿಗೆ ಬೆರಳಿನ ಒತ್ತಡವೇ ಸಾಕೆಂದು ಬಿಟ್ಟರೆ ಅದನ್ನು ಪರಿಣತಿಯ ಕೊರತೆ ಎಂದುಕೊಳ್ಳಬೇಕಿಲ್ಲ.

ನಾಬ್ ತಿರುಗಿದಾಗ

ಕರೆಂಟ್ ಎಂದರೆ ಗೋಡೆಯ ಪ್ಲಗ್ಗಿನದಲ್ಲ. ಅಂಗೈಯಗಲದ ಬ್ಯಾಟರಿ ಯಂತ್ರ, ಅದರಿಂದ ಹೊರಟ ವಯರುಗಳ ತುದಿಯಲ್ಲಿ ಪುಟ್ಟ ಮೊಸಳೆ ಕ್ಲಿಪ್ಪುಗಳು. ಒಂದು ಚಾನೆಲ್ಲಿಗೆ ಎರಡು ಸೂಜಿ ಬೇಕು, ಒಂದರಿಂದ ಹೊರಟದ್ದು ಇನ್ನೊಂದರಿಂದ ವಾಪಸಾಗಬೇಕಲ್ಲ. ಕೆಲವರು ಎರಡನೆಯ ಸೂಜಿಯ ಬದಲು ಚರ್ಮದ ಮೇಲೆ ಅಂಟುವ ಪ್ಯಾಡ್ ಬಳಸುತ್ತಾರೆ. ಎರಡೂ ಸೂಜಿ ಒಂದೇ ಸ್ನಾಯುವಿನಲ್ಲಿ, ಒಂದೇ ಬದಿಯಲ್ಲಿ ಇದ್ದರೆ ಕರೆಂಟಿನ ದಾರಿ ಚಿಕ್ಕದಾಗಿ, ಬೇಕಾದಲ್ಲೇ ಉಳಿಯುತ್ತದೆ. ಎದೆಯ ಅಡ್ಡಕ್ಕೆ ಹಾಯುವಂತೆ ಜೋಡಿಸಬಾರದು. ಕತ್ತಿನ ಮುಂಭಾಗಕ್ಕೂ ಕೊಡಬಾರದು. ರಕ್ತದೊತ್ತಡದ ಮೇಲೆ ಕಣ್ಣಿಟ್ಟಿರುವ ಅಲ್ಲಿನ ಕ್ಯಾರೋಟಿಡ್ ಸೈನಸ್ ಕೆರಳಿದರೆ ನಾಡಿ, ರಕ್ತದೊತ್ತಡ ಒಮ್ಮೆಗೇ ಕುಸಿಯಬಹುದು, ಗಂಟಲಿನ ಸ್ನಾಯುವೂ ಸೆಟೆಯಬಹುದು.

ಸೂಜಿಯ ಬದಲು ಚರ್ಮದ ಮೇಲಿಂದಲೇ ಕರೆಂಟ್ ಕೊಡುವ ಟೆನ್ಸ್ ಪ್ಯಾಡ್ ಅಂಟಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಚರ್ಮದ ಹೊರಪದರ ಕರೆಂಟಿಗೆ ದೊಡ್ಡ ತಡೆ. ಪ್ಯಾಡಿನಿಂದ ಬಂದದ್ದರ ಬಹುಪಾಲು ಅಲ್ಲೇ ಹರಡಿ, ಚರ್ಮದ ನರಗಳನ್ನೇ ಮೊದಲು ಜುಮ್ಮೆನ್ನಿಸುತ್ತದೆ. ಸೂಜಿ ಆ ಪದರವನ್ನು ದಾಟಿರುವುದರಿಂದ ತೀರಾ ಕಡಿಮೆ ಕರೆಂಟಿನಲ್ಲೇ ಆಳದ ಸ್ನಾಯು ಕುಣಿಯುತ್ತದೆ. ಟೆನ್ಸ್‌ನಲ್ಲಿ ಅಭ್ಯಾಸವಾದವರು "ಅಲ್ಲಿ ಇಪ್ಪತ್ತು ಇಡುತ್ತಿದ್ದೆ, ಇಲ್ಲೂ ಇಡಿ" ಎನ್ನಬಾರದು.

ಯಂತ್ರದ ಮೇಲೆ ಮೂರು ಸಂಖ್ಯೆಗಳು ಮುಖ್ಯ. ಮೊದಲನೆಯದು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಬಡಿತ. 2 ಹರ್ಟ್ಸ್‌ನಲ್ಲಿ ಹೆಗಲು ಗಡಿಯಾರದಂತೆ ಟುಕ್ ಟುಕ್ ಎಂದು ಎದ್ದು ಬೀಳುತ್ತದೆ, ಸ್ನಾಯು ಹಿಂಡಿ ಬಿಟ್ಟಂತೆ. 80ರಿಂದ 100ರಲ್ಲಿ ಬಡಿತಗಳು ಒಂದಾಗಿ ಜೇನುನೊಣದ ಗುಂಯ್ ಆಗುತ್ತದೆ. ಗಂಟು ಬಿಡಿಸಲು ಮೊದಲನೆಯದು, ನೋವನ್ನು ಮಂಕಾಗಿಸಲು ಎರಡನೆಯದು ಎಂಬುದು ರೂಢಿಯ ಲೆಕ್ಕ. ಸ್ಪರ್ಶದ ಸುದ್ದಿ ದಂಡಿಯಾಗಿ ಬಂದರೆ ಬೆನ್ನುಹುರಿಯ ಬಾಗಿಲಲ್ಲೇ ನೋವಿನ ಸುದ್ದಿಗೆ ತಡೆ ಬೀಳುತ್ತದೆ ಎಂದು ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತವೇ ಈ ಎರಡನೆಯದಕ್ಕೆ ಆಧಾರ. ಒಂದೇ ವೇಗಕ್ಕೆ ನರ ಒಗ್ಗಿಹೋಗುವುದರಿಂದ ಹಲವು ಯಂತ್ರಗಳಲ್ಲಿ ಎರಡನ್ನೂ ಕೆಲವು ಸೆಕೆಂಡಿಗೊಮ್ಮೆ ಅದಲುಬದಲು ಮಾಡುವ ವ್ಯವಸ್ಥೆ ಇರುತ್ತದೆ. ಎರಡನೆಯ ಸಂಖ್ಯೆ ಬಡಿತದ ಅಗಲ, ಮೈಕ್ರೋಸೆಕೆಂಡಿನಲ್ಲಿ. ಸಾಮಾನ್ಯವಾಗಿ 200ರ ಆಸುಪಾಸು ಇಟ್ಟುಬಿಟ್ಟಿರುತ್ತಾರೆ, ಅದರ ತಲೆಬಿಸಿ ನಿಮಗೆ ಬೇಡ. ಮೂರನೆಯದು ತೀವ್ರತೆ, ಮಿಲಿಆಂಪಿಯರಿನಲ್ಲಿ. ಅದು ನಿಮ್ಮ ಬಾಯಿಮಾತಿಗೆ ಸೇರಿದ್ದು.

ಕ್ಲಿಪ್ ಸಿಕ್ಕಿಸುವ ಮುನ್ನ ನಾಬ್ ಸೊನ್ನೆಯಲ್ಲಿದೆಯೇ ಎಂದು ಕೇಳಿ, ಮರೆಯುವವರಿದ್ದಾರೆ. ಆಮೇಲೆ ಕೂದಲೆಳೆಯಷ್ಟಾಗಿ ಏರಿಸುತ್ತಾರೆ. ಮೊದಲು ಏನೂ ಇಲ್ಲ, ಆಮೇಲೆ ಇರುವೆ ಹರಿದಂತೆ, ಆಮೇಲೆ ಬಡಿತ. "ಬಲವಾಗಿದೆ, ಆದರೆ ಇಪ್ಪತ್ತು ನಿಮಿಷ ಇದೇ ಇದ್ದರೂ ತೊಂದರೆಯಿಲ್ಲ" ಎನ್ನಿಸುವ ಮಟ್ಟದಲ್ಲಿ ಸಾಕೆನ್ನಿ. ಹಲ್ಲು ಕಚ್ಚಿ ತಡೆದರೆ ಬೇಗ ಗುಣ ಎಂಬ ನಂಬಿಕೆಗೆ ಇಲ್ಲಿ ಬೆಲೆಯಿಲ್ಲ. ನೋಯುವಷ್ಟು ಏರಿಸಿದರೆ ಸುತ್ತಲಿನ ಸ್ನಾಯುಗಳು ರಕ್ಷಣೆಗೆಂದು ಬಿಗಿದುಕೊಂಡು, ಬಿಡಿಸಲು ಹೊರಟದ್ದೇ ಗಟ್ಟಿಯಾಗುತ್ತದೆ. ನಾಲ್ಕೈದು ನಿಮಿಷದಲ್ಲಿ ಬಡಿತ ಮಂಕಾದಂತೆ ತೋರುವುದು ಸಹಜ, ಆಗ ಒಂದಿಷ್ಟು ಏರಿಸಬಹುದು. ಒಟ್ಟು ಹೊತ್ತು 10ರಿಂದ 20 ನಿಮಿಷ.

ಕೆಡುವುದೂ ಈ ಹಂತದಲ್ಲೇ ಹೆಚ್ಚು. ಬಡಿತ ನಿಂತು, ತಟ್ಟನೆ ಶಾಕ್ ಹೊಡೆದಂತೆ ಮರಳಿದರೆ ಕ್ಲಿಪ್ ಸಡಿಲವಾಗಿದೆ. ನಾಬ್ ಇಳಿಸದೆ ಕ್ಲಿಪ್ ಅಲುಗಿಸಿ ಸರಿಪಡಿಸಲು ಬಿಡಬೇಡಿ. ಏರಿಸಿದಷ್ಟೂ ಏನೂ ಗೊತ್ತಾಗದಿದ್ದರೆ ಕ್ಲಿಪ್ ಪ್ಲಾಸ್ಟಿಕ್ ಹಿಡಿಯ ಮೇಲೆ ಕೂತಿರಬಹುದು, ವಯರ್ ಒಳಗೆ ತುಂಡಾಗಿರಬಹುದು, ಬ್ಯಾಟರಿ ಸೋತಿರಬಹುದು, ಅಥವಾ ಎರಡು ಕ್ಲಿಪ್ಪುಗಳು ಒಂದಕ್ಕೊಂದು ತಾಗಿ ಕರೆಂಟ್ ಮೈಗೆ ಬರದೆ ಅಲ್ಲೇ ಸುತ್ತುತ್ತಿರಬಹುದು. ಒಂದೇ ಸೂಜಿಯಲ್ಲಿ ಮಾತ್ರ ಜೋರಾಗಿ ಬಡಿದರೆ ಎರಡರ ಆಳದಲ್ಲಿ ವ್ಯತ್ಯಾಸವಿರಬಹುದು. ಸೂಜಿ ಹೊಕ್ಕ ಜಾಗದಲ್ಲೇ ಚರ್ಮ ಉರಿದರೆ ಸೂಜಿ ಮೇಲಕ್ಕೆ ಬಂದಿದೆ: ಈ ಸೂಜಿಗೆ ಹೊದಿಕೆ ಇಲ್ಲ, ಒಳಗಿರುವಷ್ಟು ಉದ್ದವೂ ಕರೆಂಟ್ ಬಿಡುತ್ತದೆ, ಆಳ ಕಡಿಮೆಯಾದಷ್ಟೂ ಚರ್ಮದ ಪಾಲು ಹೆಚ್ಚುತ್ತದೆ. ಕ್ಲಿಪ್ಪಿನ ಭಾರಕ್ಕೇ ಸೂಜಿ ವಾಲುವುದುಂಟು, ವಯರನ್ನು ಚರ್ಮಕ್ಕೆ ಟೇಪ್ ಹಾಕಿ ಹಿಡಿಸಿದರೆ ಆ ಕಾಟವಿಲ್ಲ. ಇನ್ನು ಯಂತ್ರದ ಅಲೆ ಎರಡೂ ದಿಕ್ಕಿಗೆ ಸಮನಾಗಿ ಹರಿಯುವಂಥದ್ದಾಗಿರಬೇಕು. ಒಂದೇ ದಿಕ್ಕಿಗೆ ಹರಿದರೆ ಲೋಹ ಕರಗಿ ಸುತ್ತಲ ಅಂಗಾಂಶ ಸುಡುತ್ತದೆ. ಸೂಜಿಗೆಂದೇ ತಯಾರಾದ ಯಂತ್ರದಲ್ಲಿ ಈ ಭಯ ಕಡಿಮೆ, ಯಾವುದೋ ಯಂತ್ರಕ್ಕೆ ಕ್ಲಿಪ್ ಸಿಕ್ಕಿಸಿಕೊಂಡು ಬಂದಿದ್ದರೆ ಬೇಡವೆನ್ನಿ.

ಈ ಇಪ್ಪತ್ತು ನಿಮಿಷ ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೋಗುವುದುಂಟು. ಕರೆಯುವ ಗಂಟೆ ಕೈಯಲ್ಲಿರಲಿ. ಕೆಮ್ಮು ಬಂದರೆ, ಸೀನು ಬಂದರೆ ಮೊದಲೇ ಕೂಗಿ ಹೇಳಿ, ಮೈ ಕುಲುಕಿದರೆ ಸೂಜಿ ಬಾಗುತ್ತದೆ. ಬೆವರು, ವಾಕರಿಕೆ, ಕಿವಿಯಲ್ಲಿ ದೂರದ ಸದ್ದು ಕೇಳಿದಂತಾಗುವುದು ಮೂರ್ಛೆಯ ಮುನ್ಸೂಚನೆ. ಆಗ ಎದ್ದು ಕೂರಬಾರದು, ಕರೆದು ಸೂಜಿ ತೆಗೆಸಿಕೊಳ್ಳಬೇಕು.

ಮುಗಿದಾಗ ನಾಬ್ ಸೊನ್ನೆಗೆ, ಆಮೇಲೆ ಕ್ಲಿಪ್, ಆಮೇಲೆ ಸೂಜಿ. ಪ್ರತಿ ಸೂಜಿಯ ಜಾಗವನ್ನೂ ಅರ್ಧ ನಿಮಿಷ ಹತ್ತಿಯಿಂದ ಒತ್ತಿಹಿಡಿದರೆ ಒಳಗೆ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂದು ಜೋರಾಗಿ ಎಣಿಸಲು ಹೇಳಿ. ಕೂದಲಿನ ಅಂಚಿನಲ್ಲಿ ಒಂದು ಸೂಜಿ ಮರೆತುಹೋಗುವುದು ಕಟ್ಟುಕಥೆಯಲ್ಲ.

ಮನೆಗೆ ಬಂದ ಮೇಲೆ

ಐದು ಹತ್ತು ನಿಮಿಷ ಕೂತು ಏಳಿ. ಕೆಲವರಿಗೆ ಕತ್ತು ಹಗುರವಾಗಿ, ಬೇರೆಯವರದೇನೋ ಎಂಬಂತೆ ತಿರುಗುತ್ತದೆ. ಆ ಖುಷಿಯಲ್ಲಿ ಅಂದೇ ಭಾರ ಎತ್ತುವುದು, ವ್ಯಾಯಾಮ ಜೋರು ಮಾಡುವುದು ಬೇಡ. ಸಂಜೆಯ ಹೊತ್ತಿಗೆ ಗುದ್ದು ತಿಂದಂಥ ನೋವು ಶುರುವಾಗಿ ಮರುದಿನ ಹೆಚ್ಚಿ, ಮೂರನೆಯ ದಿನಕ್ಕೆ ಇಳಿಯುತ್ತದೆ. ಅರ್ಧಕ್ಕೆ ಬಿಡುವವರಲ್ಲಿ ಕೆಲವರು ಬಿಡುವುದು ಈ ಮರುದಿನವೇ, "ಇದ್ದದ್ದಕ್ಕಿಂತ ಕೆಟ್ಟಿತು" ಎಂದು. ಒತ್ತಿದಾಗ ನೋಯುವ, ಅಲುಗಿಸಿದರೆ ಸಡಿಲವಾಗುವ ನೋವು ಅದಾಗಿದ್ದರೆ ಚಿಂತೆಯಿಲ್ಲ. ಬಿಸಿ ಶಾಖ, ಗಂಟೆಗೊಮ್ಮೆ ಕತ್ತನ್ನು ಮೆಲ್ಲಗೆ ಎಡಬಲ ತಿರುಗಿಸುವುದು ಸಾಕು. ನಾಣ್ಯದಗಲ ನೀಲಿಗಟ್ಟುವುದೂ ಸಾಮಾನ್ಯ.

ಚಿಂತಿಸಬೇಕಾದದ್ದು ಬೇರೆ. ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಹಿಂದಿಲ್ಲದ ಏದುಸಿರು. ಶ್ವಾಸಕೋಶಕ್ಕೆ ತೂತಾಗಿ ಗಾಳಿ ಹೊರಸೋರುತ್ತಿರುವ ಲಕ್ಷಣಗಳಿವು. ಅಪರೂಪ, ಆದರೆ ಸೂಜಿ ತೆಗೆದ ಹಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಕಂಡರೆ ಚಿಕಿತ್ಸೆ ಕೊಟ್ಟವರಿಗೆ ಫೋನ್ ಮಾಡಿ ಕಾಯುತ್ತಾ ಕೂರದೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ, "ಹೆಗಲಿಗೆ ಸೂಜಿ ಹಾಕಿಸಿಕೊಂಡಿದ್ದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಹೇಳದಿದ್ದರೆ ಅವರಿಗೆ ಆ ಕಡೆ ಯೋಚನೆ ಹೋಗುವುದು ತಡವಾಗುತ್ತದೆ. ಚುಚ್ಚಿದ ಜಾಗ ಕೆಂಪಾಗಿ ಊದಿ ಬಿಸಿಯಾದರೆ, ಕೈ ಮರಗಟ್ಟಿದ್ದು ಮರುದಿನವೂ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು.

ಎರಡು ಸಿಟಿಂಗ್‌ಗಳ ನಡುವೆ ಮೂರರಿಂದ ಏಳು ದಿನ ಬಿಡುತ್ತಾರೆ, ಹಳೆಯ ನೋವು ಇಳಿಯುವ ಮುನ್ನ ಹೊಸದು ಬೇಡ. ಆರು ಎಂದರೆ ಹೆಚ್ಚುಕಡಿಮೆ ತಿಂಗಳ ಕೆಲಸ. ಖರ್ಚಿನ ಲೆಕ್ಕ ಹಾಕುವಾಗ ಸಿಟಿಂಗ್ ದರವನ್ನು ಆರರಿಂದ ಗುಣಿಸಿ ಸುಮ್ಮನಾಗಬೇಡಿ. ಮೊದಲ ತಪಾಸಣೆಯ ಶುಲ್ಕ ಬೇರೆಯೇ, ಸೂಜಿಯ ಬೆಲೆ ದರದಲ್ಲಿ ಸೇರಿದೆಯೇ, ಕರೆಂಟಿಗೆ ಪ್ರತ್ಯೇಕ ಬಿಲ್ ಇದೆಯೇ, ನಡುವೆ ಬಿಟ್ಟರೆ ಮುಂಗಡದ ಹಣ ವಾಪಸಾಗುತ್ತದೆಯೇ ಎಂಬ ನಾಲ್ಕನ್ನೂ ಕೇಳಿ. ಹತ್ತರ ಪ್ಯಾಕೇಜು ಒಂದೇ ಸಲ ಕಟ್ಟಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮೂರು ನಾಲ್ಕು ಸಿಟಿಂಗ್‌ನಲ್ಲಿ ಅಳತೆಗೆ ಸಿಗುವ ಬದಲಾವಣೆ ಇಲ್ಲವೆಂದರೆ ಜಾಗ ತಪ್ಪಿದೆ ಅಥವಾ ರೋಗವೇ ಬೇರೆ. ಐದನೆಯ ಸಲ ಅಲ್ಲೇ ಚುಚ್ಚಿ ಪ್ರಯೋಜನವಿಲ್ಲ.

ಅಳತೆ ಎಂದರೆ "ಪರವಾಗಿಲ್ಲ ಅನಿಸುತ್ತಿದೆ" ಎಂಬುದಲ್ಲ. ನೆಟ್ಟಗೆ ಕೂತು ಗಲ್ಲವನ್ನು ಹೆಗಲ ಕಡೆ ತಿರುಗಿಸಿ, ಎಲ್ಲಿಯವರೆಗೆ ಹೋಗುತ್ತದೆಂದು ಪ್ರತಿ ಸಿಟಿಂಗ್‌ಗೆ ಮುನ್ನ ಪಕ್ಕದಿಂದ ಫೋಟೊ ತೆಗೆಸಿಡಿ. ಸರಿಯಿರುವ ಕತ್ತು ಸುಮಾರು 80 ಡಿಗ್ರಿ ತಿರುಗುತ್ತದೆ, ವಯಸ್ಸಾದಂತೆ ಒಂದಿಷ್ಟು ಕಡಿಮೆ. ನೆಕ್ ಡಿಸೆಬಿಲಿಟಿ ಇಂಡೆಕ್ಸ್ ಎಂಬ ಪ್ರಶ್ನಾವಳಿಯೂ ಇದೆ: ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 5, ಒಟ್ಟು 50. ಓದುವುದು, ನಿದ್ದೆ, ವಾಹನ ಓಡಿಸುವುದು, ಭಾರ ಎತ್ತುವುದು ಎಲ್ಲ ಅದರಲ್ಲಿ ಬರುತ್ತದೆ. ಮೊದಲ ದಿನ, ಮೂರನೆಯದಾದ ಮೇಲೆ, ಕೊನೆಗೆ ಹೀಗೆ ಮೂರು ಸಲ ತುಂಬಿದರೆ ವಾದಕ್ಕೆ ಜಾಗವಿರುವುದಿಲ್ಲ.

ಸೂಜಿ ಕೆಲವು ದಿನಗಳ ಬಿಡುವು ಕೊಡುತ್ತದೆ, ಬಿಡುವನ್ನು ಬಳಸಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಡ್ರೈ ನೀಡ್ಲಿಂಗ್‌ನಿಂದ ಕತ್ತು ನೋವು ಕೆಲವು ವಾರಗಳ ಮಟ್ಟಿಗೆ ಇಳಿಯುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ, ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದಕ್ಕೆ ಅಷ್ಟಿಲ್ಲ. ಗಲ್ಲವನ್ನು ನೇರ ಹಿಂದಕ್ಕೆ ಎಳೆದು ಐದು ಸೆಕೆಂಡು ಹಿಡಿದು ಬಿಡುವುದು ಹತ್ತು ಸಲ. ಹೆಗಲಮೂಳೆಗಳನ್ನು ಹಿಂದೆ ಕೆಳಗೆ ಎಳೆಯುವುದು ಹತ್ತು ಸಲ. ಲೆವೇಟರ್‌ಗಾಗಿ, ಮೂಗನ್ನು ಎದುರು ಬದಿಯ ಕಂಕುಳಿನ ಕಡೆ ಬಾಗಿಸಿ 20ರಿಂದ 30 ಸೆಕೆಂಡು. ಇವು ನೋವಿಳಿದ ದಿನಗಳಲ್ಲೇ ಶುರುವಾಗಬೇಕು. ಫೋನನ್ನು ಕಿವಿ ಹೆಗಲ ನಡುವೆ ಸಿಕ್ಕಿಸಿಕೊಳ್ಳುವುದು, ಒಂದೇ ಹೆಗಲಿಗೆ ಚೀಲ, ಲ್ಯಾಪ್‌ಟಾಪ್ ಪರದೆ ಎದೆಯ ಮಟ್ಟದಲ್ಲಿರುವುದು, ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗದಿಂದ ಪರದೆ ನೋಡಲು ಗಲ್ಲ ಎತ್ತುವುದು: ಗಂಟನ್ನು ಮರಳಿ ಕಟ್ಟುವುದು ಇವೇ. ಕೊನೆಯದನ್ನು ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು.

ಕೊನೆಯ ಸಿಟಿಂಗ್ ಮುಗಿಸಿ ಹೊರಡುವ ಮುನ್ನ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ಬದಿಯ ಯಾವ ಸ್ನಾಯು, ಸೂಜಿಯ ದಪ್ಪ ಮತ್ತು ಉದ್ದ, ಎಷ್ಟು ಹರ್ಟ್ಸ್, ಎಷ್ಟು ನಿಮಿಷ, ಯಾವುದರಿಂದ ಗುಣ ಕಂಡಿತು, ಯಾವುದಕ್ಕೆ ತಲೆ ಸುತ್ತಿತು. ಆರು ತಿಂಗಳ ಮೇಲೆ ಬೇರೊಬ್ಬರ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಇದನ್ನೇ. ತೀವ್ರತೆಯ ಅಂಕಿಯನ್ನು ಮಾತ್ರ ಯಂತ್ರದ ಮಾದರಿಯ ಹೆಸರಿನ ಜೊತೆಗೇ ಬರೆಸಿ. ಕೆಲವು ಯಂತ್ರಗಳ ನಾಬ್ ಮಿಲಿಆಂಪಿಯರ್ ತೋರಿಸುವುದೇ ಇಲ್ಲ, ಬರೀ 1ರಿಂದ 10ರ ಗೆರೆಗಳು ಇರುತ್ತವೆ. ಒಂದರ ನಾಲ್ಕು ಇನ್ನೊಂದರ ನಾಲ್ಕಲ್ಲ.